ಪ್ರಾಣಿಯನ್ನು ಉಪವಾಸ ಕೆಡವಿದವರಿಗೆ ನಮ್ಮ ಜಿಲ್ಲೆಯಲ್ಲಿ ಶಿಕ್ಷೆಯಾಗಿದ್ದನ್ನು ಯಾರಾದರೂ ಕಂಡಿದ್ದೀರಾ?

ಓಣಿಯ ಕೊನೆಮನೆ (ಶಿರಸಿ)
ನಮ್ಮ ಓಣಿಯಲ್ಲಿ ಬೀಗ ಹಾಕಿದ ಮನೆಯೊಂದರ ಹಿತ್ತಿಲಿನಲ್ಲಿ ನಾಯಿಯೊಂದನ್ನು ಕಟ್ಟಿಹಾಕಿದ್ದಾರೆ. ಯಜಮಾನರು ಹುಬ್ಬಳ್ಳಿಯಲ್ಲಿ ಉದ್ಯೋಗದಲ್ಲಿದ್ದು, ವಾರಕ್ಕೊಮ್ಮೆ ಬಂದು ಒಂದು ಬಕೆಟ್ ನೀರು ಮತ್ತು ಒಂದಿಷ್ಟು ಅನ್ನ ಇಟ್ಟು ಹೋಗುತ್ತಾರೆ; ಆ ಅನ್ನವನ್ನು ಕಾಗೆಗಳು ಅದೇ ದಿನ ಮುಗಿಸುತ್ತವೆ. ಮರಿಯಾಗಿದ್ದಾಗ ಹಾಕಿದ ಕೊರಳಪಟ್ಟಿಯನ್ನು ಬದಲಿಸದೇ ಇದ್ದುದರಿಂದ ಅದು ಚರ್ಮದೊಳಗೆ ಇಳಿದುಹೋಗಿ, ಈಗ ಹೊರಗೆ ಬಕಲ್ ಮಾತ್ರ ಕಾಣುತ್ತದೆ. ಮಳೆಗಾಲವಾದ್ದರಿಂದ ಗಾಯಕ್ಕೆ ಹುಳುವೂ ಬಿದ್ದಿದೆ. ನಾವು ಬೇಲಿಯ ಈಚೆಯಿಂದ ಊಟ ಹಾಕುತ್ತಿದ್ದೇವೆ, ಆದರೆ ಬೇರೆಯವರ ಹಿತ್ತಿಲಿಗೆ ಇಳಿಯಲು ಧೈರ್ಯವಾಗುತ್ತಿಲ್ಲ.

ಪೊಲೀಸರಿಗೆ ಅರ್ಜಿ ಕೊಟ್ಟೆವು. ಇದು ಅಸಂಜ್ಞೇಯ ಅಪರಾಧ (ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆ ಮಾಡಲಾಗದ್ದು), ನ್ಯಾಯಾಲಯಕ್ಕೆ ಹೋಗಿ ಎಂದು ಹಿಂಬರಹ ಕೊಟ್ಟು ಕಳಿಸಿದರು. ಐವತ್ತು ರೂಪಾಯಿ ದಂಡದ ವಿಷಯಕ್ಕೆ ನೆರೆಹೊರೆಯ ಸಂಬಂಧ ಏಕೆ ಕೆಡಿಸಿಕೊಳ್ಳುತ್ತೀರಿ ಎಂಬ ಬುದ್ಧಿಮಾತನ್ನೂ ಹೇಳಿದರು. ಹೊಡೆದು ಕೊಂದವರ ಸುದ್ದಿ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಹೀಗೆ ಸುಮ್ಮನೆ ನೋಡಿಕೊಳ್ಳದೇ ಬಿಟ್ಟವರಿಗೆ ನಮ್ಮ ಕಡೆ ಎಂದಾದರೂ ಶಿಕ್ಷೆಯಾಗಿದೆಯೇ? ದೂರಿನಲ್ಲಿ ಏನು ಬರೆಯಬೇಕು?

ಕೋಡಿಬಾಗದ ಗಾಳಿ
ಐವತ್ತು ರೂಪಾಯಿಗೆ ಕಾರವಾರದಲ್ಲಿ ಒಂದು ಮೀನೂಟವೂ ಬರುವುದಿಲ್ಲ. ಶಿಕ್ಷೆಯ ಮಾತು ಅಲ್ಲಿಗೇ ಮುಗಿಯಿತು.

ಕರಿಕೋಟು (ಕುಮಟಾ)
ಅಷ್ಟು ಬೇಗ ಮುಗಿಸಬೇಡಿ. ನಾನು ವಕೀಲಿ ವೃತ್ತಿಯಲ್ಲಿರುವುದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಬಂದದ್ದು 1960ರಲ್ಲಿ. ಅದರ 11ನೇ ಕಲಮಿನಲ್ಲಿ ಹೊಡೆಯುವುದು, ಒದೆಯುವುದು, ಅತಿಭಾರ ಹೇರುವುದು ಮಾತ್ರವಲ್ಲ, ಏನನ್ನೂ ಮಾಡದೇ ಇರುವುದೂ ಅಪರಾಧವೆಂದು ಸ್ಪಷ್ಟವಾಗಿದೆ. ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಬಹುಕಾಲ ಕಟ್ಟಿಡುವುದು, ಸದಾ ಕಟ್ಟಿಹಾಕಿದ ನಾಯಿಯನ್ನು ಓಡಾಡಿಸದೇ ಇರುವುದು, ಸಾಕಷ್ಟು ಆಹಾರ, ನೀರು, ಆಸರೆ ಕೊಡದಿರುವುದು, ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ತೊರೆದುಹೋಗುವುದು, ಇವೆಲ್ಲ ಬೇರೆ ಬೇರೆ ಉಪಖಂಡಗಳಲ್ಲಿವೆ. ನಿಮ್ಮ ಪ್ರಕರಣಕ್ಕೆ ಇವುಗಳಲ್ಲಿ ಮೊದಲ ಮೂರಾದರೂ ಹೊಂದುತ್ತವೆ.

ತೊಡಕಿರುವುದು ಎರಡು ಕಡೆ. ಮೊದಲ ಅಪರಾಧಕ್ಕೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ ಇಪ್ಪತ್ತೈದರಿಂದ ನೂರು ರೂಪಾಯಿ, ಇಲ್ಲವೇ ಮೂರು ತಿಂಗಳವರೆಗಿನ ಸೆರೆ, ಇಲ್ಲವೇ ಎರಡೂ. ಇದು ಎಲ್ಲರಿಗೂ ಗೊತ್ತಿರುವ ತೊಡಕು. ಎರಡನೆಯದು ಹೆಚ್ಚಿನವರಿಗೆ ಗೊತ್ತಿಲ್ಲ. 31ನೇ ಕಲಮಿನ ಪ್ರಕಾರ, ಅಂಗಹೀನಗೊಳಿಸುವುದು ಅಥವಾ ಅನಗತ್ಯ ಕ್ರೌರ್ಯದಿಂದ ಕೊಲ್ಲುವುದು, ಪ್ರಾಣಿಕಾಳಗಕ್ಕೆ ಜಾಗ ನಡೆಸುವುದು ಮುಂತಾದ ಕೆಲವೇ ಕೃತ್ಯಗಳು ಸಂಜ್ಞೇಯ. ಉಪವಾಸ ಕೆಡಹುವುದು ಆ ಪಟ್ಟಿಯಲ್ಲಿಲ್ಲ. ಅಂದರೆ ಕೋಳಿ ಅಂಕ ನಡೆಸುವ ಬಯಲಿಗೆ ಪೊಲೀಸರು ನೇರವಾಗಿ ನುಗ್ಗಬಹುದು, ಹಸಿದು ಸಾಯುತ್ತಿರುವ ನಾಯಿಯ ಬಗ್ಗೆ ತನಿಖೆ ಮಾಡಲು ಮಾತ್ರ ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕು. ನಿಮಗೆ ಕೊಟ್ಟ ಹಿಂಬರಹ ಕಾನೂನಿನ ಮಟ್ಟಿಗೆ ತಪ್ಪಲ್ಲ, ಬುದ್ಧಿಮಾತು ಮಾತ್ರ ಅವರ ಸ್ವಂತದ್ದು.

ಆದರೆ ಅವರು ಮಾಡಬಹುದಾಗಿದ್ದ ಒಂದು ಕೆಲಸವಿತ್ತು. 34ನೇ ಕಲಮಿನಲ್ಲಿ, ಕಾನ್‌ಸ್ಟೆಬಲ್ ದರ್ಜೆಗಿಂತ ಮೇಲಿನ ಯಾವುದೇ ಪೊಲೀಸ್ ಅಧಿಕಾರಿಯು ಈ ಕಾಯ್ದೆಯ ಅಪರಾಧ ನಡೆದಿದೆ ಎಂದು ನಂಬಲು ಕಾರಣವಿದ್ದರೆ, ಪ್ರಾಣಿಯನ್ನು ವಶಕ್ಕೆ ಪಡೆದು ಹತ್ತಿರದ ಮ್ಯಾಜಿಸ್ಟ್ರೇಟರ ಅಥವಾ ಪಶುವೈದ್ಯಾಧಿಕಾರಿಯ ಮುಂದೆ ಹಾಜರುಪಡಿಸಬಹುದು. ಮತ್ತೆ ಹೋಗಿ ಇದನ್ನು ಬರವಣಿಗೆಯಲ್ಲಿ ಕೇಳಿ.

ಓಣಿಯ ಕೊನೆಮನೆ (ಶಿರಸಿ)
34ನೇ ಕಲಮಿನ ವಿಷಯ ನಮಗೆ ಯಾರೂ ಹೇಳಿರಲಿಲ್ಲ. ನಾಳೆಯೇ ಹೋಗುತ್ತೇವೆ.

ಹಳೆಯ ಸ್ಟೆತಸ್ಕೋಪು
ನಾನು ಘಟ್ಟದ ಮೇಲೂ ಕೆಳಗೂ ಸರ್ಕಾರಿ ಪಶುವೈದ್ಯನಾಗಿ ಕೆಲಸ ಮಾಡಿ ನಿವೃತ್ತನಾದವನು. ಶಿಕ್ಷೆ ಆಗದಿರುವುದಕ್ಕೆ ಕಾಯ್ದೆಯ ದಂಡವನ್ನು ಬೈಯುವುದು ಸುಲಭ. ನಾನು ಸಾಕ್ಷಿ ಹೇಳಲು ಹೋದ ಪ್ರಕರಣಗಳಲ್ಲಿ ದಂಡದ ಮೊತ್ತದವರೆಗೆ ಮಾತು ತಲುಪುತ್ತಿದ್ದುದೇ ಅಪರೂಪ. ಅದಕ್ಕಿಂತ ಬಹಳ ಮೊದಲೇ ದಾಖಲೆ ಕುಸಿದಿರುತ್ತಿತ್ತು.

ದಯೆಯುಳ್ಳ ನೆರೆಯವರು ಮೊದಲು ಮಾಡುವ ಕೆಲಸವೆಂದರೆ ಗಾಯ ತೊಳೆದು, ಹುಳು ತೆಗೆದು, ಹೊಟ್ಟೆತುಂಬ ಉಣ್ಣಿಸುವುದು. ಪ್ರಾಣಿಗೆ ಅದೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹದಿನೈದು ದಿನ ಕಳೆದು ಪೊಲೀಸರು ನನ್ನ ಬಳಿ ಕರೆತರುವಾಗ ಅದು ಬಾಲ ಅಲ್ಲಾಡಿಸುತ್ತ ಬರುತ್ತದೆ, ನಾನು ಏನೆಂದು ಬರೆಯಲಿ? ಚಿಕಿತ್ಸೆಗೆ ಮೊದಲು ತೂಕ ತೆಗೆಯಬೇಕು. ಪಕ್ಕೆಲುಬು, ಬೆನ್ನುಮೂಳೆ, ಸೊಂಟದ ಎಲುಬು ಎಷ್ಟು ಎದ್ದು ಕಾಣುತ್ತವೆ ಎಂಬುದನ್ನು ದೇಹಸ್ಥಿತಿಯ ಅಂಕದಲ್ಲಿ ದಾಖಲಿಸಬೇಕು. ಗಾಯದ ಆಳ ಅಳೆದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯಬೇಕು. ಕೊರಳಪಟ್ಟಿ ಚರ್ಮದೊಳಗೆ ಇಳಿಯುವುದು ಒಂದೆರಡು ದಿನದ ಮಾತಲ್ಲ. ಅಂಚಿನಲ್ಲಿ ಹೊಸ ಚರ್ಮ ಬೆಳೆದು ಪಟ್ಟಿಯನ್ನು ಮುಚ್ಚಿದ್ದರೆ, ಎಷ್ಟೋ ವಾರಗಳಿಂದ ಯಾರೂ ಆ ಕೊರಳಿಗೆ ಕೈ ಹಾಕಿಲ್ಲವೆಂದು ವೈದ್ಯ ಪ್ರಮಾಣ ಮಾಡಿ ಹೇಳಬಹುದು. ತೆಗೆದ ಪಟ್ಟಿಯನ್ನು ಎಸೆಯದೆ, ಮೊಹರು ಮಾಡಿ ಪಂಚನಾಮೆಯಲ್ಲಿ ಸೇರಿಸಬೇಕು. ಅನ್ನ ಇಟ್ಟಿದ್ದೆ ಎಂಬ ಮಾಲೀಕನ ಮಾತಿಗೆ ಉತ್ತರ ಆ ಪಟ್ಟಿಯಲ್ಲಿರುತ್ತದೆ.

ತುರ್ತಾದರೆ 1962ಕ್ಕೆ ಕರೆ ಮಾಡಿ, ಪಶು ಸಂಜೀವಿನಿ ಎಂಬ ಸಂಚಾರಿ ಪಶುಚಿಕಿತ್ಸಾ ವಾಹನ ಬರುತ್ತದೆ. ಕರೆಯ ಸಮಯವೂ ಒಂದು ದಾಖಲೆಯೇ.

ಬೆಟ್ಟದಂಚು (ಸಿದ್ದಾಪುರ)
ಎಲ್ಲರೂ ಶಿಕ್ಷೆ ಶಿಕ್ಷೆ ಎನ್ನುತ್ತಿದ್ದೀರಿ, ನಾನು ಸ್ವಲ್ಪ ವಿರುದ್ಧವಾಗಿ ಮಾತನಾಡುತ್ತೇನೆ. ನಮ್ಮೂರಿನ ಕೇರಿಯಲ್ಲಿ ಮೇಲಿನ ಮನೆಯಲ್ಲಿ ಎಪ್ಪತ್ತು ದಾಟಿದ ಗಂಡ ಹೆಂಡತಿ ಇಬ್ಬರೇ ಇದ್ದಾರೆ, ಮಕ್ಕಳು ಬೆಂಗಳೂರಿನಲ್ಲಿ. ಕೊಟ್ಟಿಗೆಯಲ್ಲಿ ಮಲೆನಾಡು ಗಿಡ್ಡ ತಳಿಯ ನಾಲ್ಕು ದನ. ದರಕು (ಒಣ ಎಲೆ) ಗುಡಿಸಿ ತರಲು ಆಳಿಲ್ಲ, ಹುಲ್ಲು ಕೊಯ್ಯಲು ಆ ಅಜ್ಜನ ಮೊಣಕಾಲು ಬಿಡುವುದಿಲ್ಲ, ಹಿಂಡಿಯ ದರ ಕೇಳುವಂತಿಲ್ಲ. ಮುದಿ ದನಗಳನ್ನು ಕೊಳ್ಳುವವರಿಲ್ಲ, ಕೊಡಲು ಹೊರಟರೆ 2020ರ ಗೋಹತ್ಯೆ ನಿಷೇಧ ಕಾಯ್ದೆಯ ಭಯ ಬೇರೆ. ಕಳೆದ ಬೇಸಿಗೆಯಲ್ಲಿ ಒಂದು ಆಕಳು ಬಡಕಲಾಗಿ ಕೊಟ್ಟಿಗೆಯಲ್ಲೇ ಬಿದ್ದು ಏಳಲಾರದೆ ಸತ್ತಿತು. ಕರಿಕೋಟು ಅವರ ಉಪಖಂಡದ ಪ್ರಕಾರ ಆ ಅಜ್ಜ ಅಪರಾಧಿ. ಅವರನ್ನು ಕಟಕಟೆಯಲ್ಲಿ ನಿಲ್ಲಿಸಬೇಕೇ? ಅವರು ಆಕಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ರಾತ್ರಿಯಿಡೀ ಗಂಜಿ ಕುಡಿಸಿದ್ದನ್ನು ನಾನು ನೋಡಿದ್ದೇನೆ.

ತದಡಿ ದೋಣಿ
ಪ್ರೀತಿ ಇತ್ತೆಂದ ಮಾತ್ರಕ್ಕೆ ಆಕಳ ಹೊಟ್ಟೆ ತುಂಬಲಿಲ್ಲವಲ್ಲ. ಮಕ್ಕಳು ಬೆಂಗಳೂರಿನಿಂದ ಹಿಂಡಿಗೆ ಹಣ ಕಳಿಸಲಾರದಷ್ಟು ಬಡವರೇ?

ಬೆಟ್ಟದಂಚು (ಸಿದ್ದಾಪುರ)
ಮಕ್ಕಳನ್ನು ಶಿಕ್ಷಿಸುವ ಕಲಮು ಇದ್ದರೆ ತಿಳಿಸಿ, ಮೊದಲ ಸಹಿ ನನ್ನದು.

ಕರಿಕೋಟು (ಕುಮಟಾ)
ಕಾಯ್ದೆ ಈ ವ್ಯತ್ಯಾಸವನ್ನು ಸ್ವಲ್ಪ ಮಟ್ಟಿಗೆ ಗುರುತಿಸಿದೆ. ಕೇವಲ ಮೇಲ್ವಿಚಾರಣೆಯಲ್ಲಿ ಎಚ್ಚರ ತಪ್ಪಿದ್ದರಿಂದ ಕ್ರೌರ್ಯ ನಡೆಯಲು ಬಿಟ್ಟ ಮಾಲೀಕನಿಗೆ ದಂಡದ ಆಯ್ಕೆಯನ್ನೇ ಕೊಡದೆ ನೇರವಾಗಿ ಸೆರೆವಾಸ ವಿಧಿಸುವಂತಿಲ್ಲ. ಆದರೆ ಅಸಹಾಯಕತೆಗೂ ಉಡಾಫೆಗೂ ನಡುವೆ ಗೆರೆ ಎಳೆಯುವ ಹೊಣೆಯನ್ನು ನಮ್ಮ ಕಾನೂನು ಪೂರ್ತಿಯಾಗಿ ಮ್ಯಾಜಿಸ್ಟ್ರೇಟರ ವಿವೇಚನೆಗೆ ಬಿಟ್ಟಿದೆ.

ಅಘನಾಶಿನಿಯ ಆಚೆ
ನಾನು ಹೊನ್ನಾವರದವನು, ಹಲವು ವರ್ಷಗಳಿಂದ ಇಂಗ್ಲೆಂಡಿನಲ್ಲಿದ್ದೇನೆ. ಬೆಟ್ಟದಂಚು ಅವರ ಪ್ರಶ್ನೆ ಇಲ್ಲಿಯೂ ಇದೆ. ಇಲ್ಲಿನ 2006ರ ಪ್ರಾಣಿ ಕಲ್ಯಾಣ ಕಾಯ್ದೆಯ 9ನೇ ಕಲಮು ಪ್ರಾಣಿಯ ಹೊಣೆ ಹೊತ್ತವರೆಲ್ಲರ ಮೇಲೆ ಅದರ ಅಗತ್ಯಗಳನ್ನು ಪೂರೈಸುವ ಕರ್ತವ್ಯವನ್ನು ಹೊರಿಸುತ್ತದೆ. ಪ್ರಾಣಿ ನರಳುವವರೆಗೆ ಕಾಯಬೇಕಿಲ್ಲ, ಕರ್ತವ್ಯ ತಪ್ಪಿದ್ದೇ ಅಪರಾಧ. ಆದರೆ 10ನೇ ಕಲಮಿನಲ್ಲಿ ಸುಧಾರಣಾ ನೋಟಿಸಿನ ವ್ಯವಸ್ಥೆ ಇದೆ: ಇಂಥ ದಿನದೊಳಗೆ ಇಂತಿಂಥದ್ದನ್ನು ಸರಿಪಡಿಸಿ ಎಂದು ಬರೆದು ಕೊಡುತ್ತಾರೆ, ಸರಿಪಡಿಸಿದರೆ ಆ ವಿಷಯಕ್ಕೆ ಮೊಕದ್ದಮೆ ಹೂಡುವುದಿಲ್ಲ. ಆ ಅಜ್ಜನಂಥವರಿಗೆ ಅದು ಸಾಕಾಗುತ್ತದೆ.

ಪ್ರಾಣಿಯನ್ನು ಅನಗತ್ಯವಾಗಿ ನರಳಿಸಿದರೆ ಮೊದಲು ಗರಿಷ್ಠ ಆರು ತಿಂಗಳ ಶಿಕ್ಷೆ ಇತ್ತು. 2021ರ ಜೂನ್ 29ರಿಂದ ಅದನ್ನು ಐದು ವರ್ಷಕ್ಕೆ ಏರಿಸಿದರು. ಆದರೂ ಇಲ್ಲಿ ಶಿಕ್ಷೆಗೊಳಗಾದವರು ಸೆರೆಮನೆಗಿಂತ ಹೆಚ್ಚು ಹೆದರುವುದು ಇಲ್ಲಿನ ಕಾಯ್ದೆಯ 34ನೇ ಕಲಮಿನ ಅನರ್ಹತೆಗೆ ಎಂಬುದು ನನ್ನ ಅನಿಸಿಕೆ. ಇಷ್ಟು ವರ್ಷ ನೀನು ಯಾವ ಪ್ರಾಣಿಯನ್ನೂ ಸಾಕುವಂತಿಲ್ಲ ಎಂದು ನ್ಯಾಯಾಲಯ ಆಜ್ಞೆ ಮಾಡುತ್ತದೆ. ಕುರಿ, ದನ ಸಾಕಿ ಬದುಕುವವನಿಗೆ ಅದು ಕಸುಬನ್ನೇ ಕಿತ್ತುಕೊಂಡಂತೆ.

ಕೋಡಿಬಾಗದ ಗಾಳಿ
ಅಂಥದ್ದು ನಮ್ಮಲ್ಲಿ ಎಲ್ಲಿ ಬರಬೇಕು. ಅದು ಬಿಳಿಯರ ದೇಶ.

ಕರಿಕೋಟು (ಕುಮಟಾ)
ನಮ್ಮಲ್ಲಿ 1960ರಿಂದಲೇ ಇದೆ. 29ನೇ ಕಲಮು ಓದಿ. ಮಾಲೀಕ ತಪ್ಪಿತಸ್ಥನೆಂದು ತೀರ್ಮಾನವಾದರೆ ಪ್ರಾಣಿಯನ್ನು ಸರ್ಕಾರಕ್ಕೆ ಮುಟ್ಟುಗೋಲು ಹಾಕಿಕೊಳ್ಳಬಹುದು. ಮರಳಿ ಕೊಟ್ಟರೆ ಮತ್ತೆ ಕ್ರೌರ್ಯಕ್ಕೆ ಗುರಿಯಾದೀತು ಎಂಬುದಕ್ಕೆ ಸಾಕ್ಷ್ಯ ಬೇಕು, ಅಷ್ಟೇ. ಶಾಶ್ವತವಾಗಿ ಅಥವಾ ನಿಗದಿತ ಕಾಲದವರೆಗೆ ಪ್ರಾಣಿ ಇಟ್ಟುಕೊಳ್ಳದಂತೆ ನಿಷೇಧಿಸಲೂಬಹುದು. ಆದರೆ ಈ ನಿಷೇಧವನ್ನು ಕೇಳುವ ಉದ್ದೇಶವಿದೆ ಎಂದು ಮೂಲ ದೂರಿನಲ್ಲೇ ಬರೆದಿರಬೇಕು, ಜೊತೆಗೆ ಆ ಪ್ರಾಣಿಯನ್ನು ಸಾಕಲು ಪರವಾನಗಿ ಬೇಕಾದ ಪ್ರದೇಶದಲ್ಲಿ ಅಪರಾಧ ನಡೆದಿರಬೇಕು. ದೂರು ಬರೆಯುವವರು ಆ ಸಾಲನ್ನು ಬರೆಯುವುದಿಲ್ಲ, ಆಮೇಲೆ ಎಷ್ಟು ವಾದಿಸಿದರೂ ಪ್ರಯೋಜನವಿಲ್ಲ. ಕೊನೆಮನೆಯವರೇ, ನೀವು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇಲ್ಲಿದೆ: ಐವತ್ತು ರೂಪಾಯಿಯನ್ನು ಮರೆತುಬಿಡಿ, ಮುಟ್ಟುಗೋಲನ್ನು ಬೇಡಿಕೊಳ್ಳಿ. ತಪ್ಪೊಪ್ಪಿಕೊಂಡು ಐವತ್ತು ರೂಪಾಯಿ ಕಟ್ಟಿ ಹೋದರೂ ಅದು ಶಿಕ್ಷೆಯೇ, ಮುಂದಿನ ಸಲಕ್ಕೆ ಹಳೆಯ ದೋಷಸಾಬೀತಾಗಿ ಲೆಕ್ಕಕ್ಕೆ ಬರುತ್ತದೆ.

ಹೆದ್ದಾರಿ 66 (ಅಂಕೋಲಾ)
ನಾಯಿಯ ಮಾತು ಸಾಕು, ದನಗಳ ಮಾತಿಗೆ ಬನ್ನಿ. ಹಾಲು ಬತ್ತಿದ ಕೂಡಲೇ ಹೆದ್ದಾರಿಗೆ ಅಟ್ಟಿ, ಕರು ಹಾಕಿದ ಮೇಲೆ ಹುಡುಕಿಕೊಂಡು ಬರುವವರಿದ್ದಾರೆ. ಮಳೆಗಾಲದ ರಾತ್ರಿ ನೆಲ ಒದ್ದೆಯಿರುವುದರಿಂದ ಅವು ಬೆಚ್ಚಗಿನ ಡಾಂಬರಿನ ಮೇಲೆ ಮಲಗುತ್ತವೆ, ಲಾರಿ ಹಾಯುತ್ತದೆ. ಬೆಳಿಗ್ಗೆ ಎಲ್ಲರೂ ಲಾರಿಯವನನ್ನು ಬೈಯುತ್ತಾರೆ. ಬಿಟ್ಟವನನ್ನು ಕೇಳುವವರಿಲ್ಲ. ಕಿವಿಯಲ್ಲಿ ಗುರುತಿಗೆ ಹಾಕುವ ಹನ್ನೆರಡು ಅಂಕಿಯ ಹಳದಿ ಓಲೆ ಇದ್ದರೆ ಮಾಲೀಕನನ್ನು ಪತ್ತೆ ಮಾಡುವುದು ಕಷ್ಟವೇ? ಒಂದು ದನಕ್ಕೆ ಕಿವಿ ಹರಿದು ಓಲೆ ಮಾತ್ರ ಇಲ್ಲದಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಿಡುವ ಮೊದಲು ಕತ್ತರಿಸಿದ ಹಾಗಿತ್ತು.

ತದಡಿ ದೋಣಿ
ಓಲೆ ಕತ್ತರಿಸಿದ್ದೇ ಉದ್ದೇಶಕ್ಕೆ ಸಾಕ್ಷಿ. ಅಸಹಾಯಕ ಅಜ್ಜ ಕತ್ತರಿ ಹಿಡಿಯುವುದಿಲ್ಲ.

ಬೆಟ್ಟದಂಚು (ಸಿದ್ದಾಪುರ)
ಈ ಮಾತನ್ನು ಒಪ್ಪುತ್ತೇನೆ.

ಗದ್ದೆಬಯಲು
ಹಾಗಾದರೆ ಕಂಬಳ, ಹೋರಿ ಓಟ ಎಲ್ಲವೂ ಕ್ರೌರ್ಯವೇ? ನಮ್ಮ ಸಂಪ್ರದಾಯಗಳ ಮೇಲೇ ಎಲ್ಲರ ಕಣ್ಣು.

ಕರಿಕೋಟು (ಕುಮಟಾ)
ಆ ವಾದ ನ್ಯಾಯಾಲಯದಲ್ಲಿ ಮುಗಿದಿದೆ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟನ್ನು ನಿಷೇಧಿಸಿತು. ಆಮೇಲೆ ಕರ್ನಾಟಕ ತನ್ನ ತಿದ್ದುಪಡಿ ತಂದಿತು. 2023ರ ಮೇ 18ರಂದು ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕಂಬಳ ನಡೆಸಬಹುದು, ಆದರೆ ತಿದ್ದುಪಡಿಯ ನೆರಳಿನಲ್ಲಿ ಕೋಣವನ್ನು ರಕ್ತ ಬರುವಂತೆ ಹೊಡೆಯುವಂತಿಲ್ಲ. ಕೋಳಿ ಅಂಕಕ್ಕೆ ಆ ರಿಯಾಯಿತಿ ಇಲ್ಲ. ಈ ಚರ್ಚೆಯ ವಿಷಯ ಉಪೇಕ್ಷೆ, ಅಲ್ಲಿಗೇ ಮರಳೋಣ.

ಜೋಯಿಡಾ ಕಾಡುದಾರಿ
ಉಪೇಕ್ಷೆಗಿಂತ ಘೋರವಾದದ್ದನ್ನು ಯಾರೂ ಎತ್ತಲಿಲ್ಲ. ಕಾಡುಹಂದಿಗೆಂದು ಹಿಟ್ಟಿನಲ್ಲೋ ಮಾಂಸದ ಚೂರಿನಲ್ಲೋ ಸುತ್ತಿ ಇಡುವ ಸಿಡಿಮದ್ದಿನ ಉಂಡೆ ನಮ್ಮ ಕಡೆ ಹೊಸದಲ್ಲ. ಮೇಯಲು ಹೋದ ನಮ್ಮ ಆಕಳು ಅದನ್ನು ಕಚ್ಚಿತು. ಸಂಜೆ ತಾನಾಗಿಯೇ ಕೊಟ್ಟಿಗೆಗೆ ಬಂದು ತನ್ನ ಗೂಟದ ಬಳಿ ನಿಂತಿತು. ಕೆಳದವಡೆ ಎರಡಾಗಿ ಜೋತಾಡುತ್ತಿತ್ತು, ನಾಲಿಗೆಯ ಅರ್ಧವಿರಲಿಲ್ಲ, ಬಾನಿಯ ನೀರಿಗೆ ಮೂತಿ ಅದ್ದುತ್ತಿತ್ತು, ಕುಡಿಯಲು ಆಗುತ್ತಿರಲಿಲ್ಲ. ವೈದ್ಯರು ಉಳಿಯುವುದಿಲ್ಲವೆಂದು ಹೇಳಿ ಚುಚ್ಚುಮದ್ದು ಕೊಟ್ಟರು. ಇಟ್ಟವರು ಯಾರೆಂದು ಊರಿಗೆಲ್ಲ ಗೊತ್ತು, ಹೇಳುವವರು ಒಬ್ಬರೂ ಇಲ್ಲ. 2020ರಲ್ಲಿ ಕೇರಳದಲ್ಲಿ ಗರ್ಭಿಣಿ ಆನೆಯೊಂದು ಹೀಗೆಯೇ ಬಾಯಿ ಸಿಡಿದು ನೀರಿನಲ್ಲಿ ನಿಂತು ಸತ್ತಾಗ ದೇಶವೇ ಮಾತಾಡಿತು. ಆಕಳು ಸತ್ತರೆ ಪರಿಹಾರದ ಅರ್ಜಿಯೂ ಇಲ್ಲ.

ಹಳೆಯ ಸ್ಟೆತಸ್ಕೋಪು
ಓದಿ ಸಂಕಟವಾಯಿತು. ಇಂಥ ದವಡೆಗಳನ್ನು ನಾನೂ ಕಂಡಿದ್ದೇನೆ. ಚುಚ್ಚುಮದ್ದಿಗೆ ಮೊದಲು ಪೊಲೀಸರನ್ನು ಕರೆಸಿದ್ದರೇ? ಬಾಯಿಯೊಳಗಿನ ಮದ್ದಿನ ಮಸಿ, ದಾರದ ಚೂರು, ಚಿಕ್ಕ ಕಲ್ಲುಗಳನ್ನು ತೆಗೆದು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸದಿದ್ದರೆ ಪ್ರಕರಣ ಅಲ್ಲಿಗೇ ನಿಲ್ಲುತ್ತದೆ. ವಿಷಪ್ರಾಶನದಲ್ಲಿಯೂ ಅಷ್ಟೇ. ಜಠರದ ಭಾಗ ಮತ್ತು ಯಕೃತ್ತಿನ ತುಂಡನ್ನು ಮೊಹರು ಮಾಡಿ ಕಳಿಸದೆ ವಿಷ ಎಂದು ಬರೆದರೆ, ಎದುರು ವಕೀಲರ ಮೊದಲ ಪ್ರಶ್ನೆಗೇ ಸಾಕ್ಷ್ಯ ಬಿದ್ದುಹೋಗುತ್ತದೆ. ಫೋರೇಟ್ ಎಂಬ ಕೀಟನಾಶಕದ ಹರಳು 2020ರ ಕೊನೆಗೇ ನಿಷೇಧವಾಗಿದ್ದರೂ ಹಳೆಯ ಡಬ್ಬಿಗಳು ತೋಟದ ಮನೆಗಳಲ್ಲಿ ಇನ್ನೂ ಇವೆ.

ಕರಿಕೋಟು (ಕುಮಟಾ)
ಜೋಯಿಡಾದವರ ಪ್ರಕರಣಕ್ಕೆ ಐವತ್ತು ರೂಪಾಯಿಯ ಕಾಯ್ದೆಯ ಮುಂದೆ ನಿಲ್ಲಬೇಕಾದ ಅಗತ್ಯವೇ ಇಲ್ಲ. ಮೊದಲು ದಂಡ ಸಂಹಿತೆಯ 428 ಮತ್ತು 429 ಇದ್ದವು: ಹತ್ತು ರೂಪಾಯಿ ಬೆಲೆಯ ಪ್ರಾಣಿಗೆ ಒಂದು ಶಿಕ್ಷೆ, ದನಕರು ಅಥವಾ ಐವತ್ತು ರೂಪಾಯಿ ಬೆಲೆಯ ಪ್ರಾಣಿಗೆ ಇನ್ನೊಂದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ ಬೆಲೆಯ ಲೆಕ್ಕ ಹೋಗಿದೆ. ಯಾವುದೇ ಪ್ರಾಣಿಯನ್ನು ಕೊಂದು, ವಿಷವಿಟ್ಟು, ಅಂಗಹೀನಗೊಳಿಸಿ ನಷ್ಟ ಉಂಟುಮಾಡಿದರೆ ಐದು ವರ್ಷದವರೆಗೆ ಸೆರೆ, ಅದೂ ಸಂಜ್ಞೇಯ. ಜೊತೆಗೆ ಸ್ಫೋಟಕ ವಸ್ತುಗಳ 1908ರ ಕಾಯ್ದೆಯೂ ಇದೆ.

ತದಡಿ ದೋಣಿ
ಹಾಗಿದ್ದರೆ ಬೀದಿನಾಯಿಗೆ ವಿಷ ಇಟ್ಟವರಿಗೂ ಐದು ವರ್ಷವೇ?

ಕರಿಕೋಟು (ಕುಮಟಾ)
ಅಲ್ಲೇ ಜಗಳವಿದೆ. 325 ನಷ್ಟಗೊಳಿಸುವ ಅಪರಾಧದ ಕುಟುಂಬಕ್ಕೆ ಸೇರಿದ್ದು. ಸಾರ್ವಜನಿಕರಿಗೋ ಯಾವುದೇ ವ್ಯಕ್ತಿಗೋ ಅನ್ಯಾಯದ ನಷ್ಟ ಉಂಟುಮಾಡುವ ಉದ್ದೇಶ ಅಥವಾ ಅರಿವು ಇತ್ತೆಂದು ತೋರಿಸಬೇಕು. ಒಡೆಯನಿಲ್ಲದ ನಾಯಿ ಸತ್ತರೆ ನಷ್ಟ ಯಾರಿಗೆ ಎಂದು ಆರೋಪಿಯ ವಕೀಲರು ಕೇಳಿಯೇ ಕೇಳುತ್ತಾರೆ. ಆದ್ದರಿಂದ ಎರಡೂ ಕಾಯ್ದೆಗಳನ್ನು ಸೇರಿಸಿ ದಾಖಲಿಸಬೇಕು; ಕ್ರೌರ್ಯ ತಡೆ ಕಾಯ್ದೆಯಲ್ಲಿ ಪ್ರಾಣಿಗೆ ಒಡೆಯನಿರಬೇಕೆಂಬ ಷರತ್ತಿಲ್ಲ, ಅನಗತ್ಯ ಕ್ರೌರ್ಯದಿಂದ ಕೊಲ್ಲುವ ಉಪಖಂಡದಲ್ಲಿ ಬೀದಿನಾಯಿಗಳ ಹೆಸರೇ ಇದೆ.

ಕೋಡಿಬಾಗದ ಗಾಳಿ
ಹಾಸನದಲ್ಲಿ 2021ರ ಜುಲೈನಲ್ಲಿ ಮಂಗಗಳನ್ನು ಕೊಂದು ಚೀಲದಲ್ಲಿ ಎಸೆದಾಗ ಹೈಕೋರ್ಟೇ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತ್ತು. ದೊಡ್ಡ ಸುದ್ದಿಯಾದರೆ ಎಲ್ಲವೂ ಚುರುಕಾಗುತ್ತದೆ. ದಂಡವನ್ನು ಏರಿಸುವ ಮಸೂದೆ ಏನಾಯಿತು?

ಅಘನಾಶಿನಿಯ ಆಚೆ
2022ರ ನವೆಂಬರಿನಲ್ಲಿ ಕೇಂದ್ರವು ಕರಡು ತಿದ್ದುಪಡಿಯನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತ್ತು. ಭೀಕರ ಕ್ರೌರ್ಯಕ್ಕೆ 50,000 ರೂಪಾಯಿಗಳಿಂದ ಮೇಲಿನ ದಂಡ ಅಥವಾ ಒಂದರಿಂದ ಮೂರು ವರ್ಷದ ಸೆರೆ, ಕೊಂದರೆ ಐದು ವರ್ಷದವರೆಗೆ ಎಂದು ಅದರಲ್ಲಿತ್ತು.

ಹಳೆಯ ಸ್ಟೆತಸ್ಕೋಪು
ದಂಡ ಐವತ್ತು ಸಾವಿರವಾದರೆ ಸಾಕ್ಷಿಗಳು ಇನ್ನೂ ಹೆಚ್ಚು ತಿರುಗಿಬೀಳುತ್ತಾರೆ ಎಂಬ ಭಯ ನನಗಿದೆ. ಐವತ್ತು ರೂಪಾಯಿಗೇ ನೆರೆಯವನು ಬಾಯಿ ಬಿಡುವುದಿಲ್ಲ.

ಹೆದ್ದಾರಿ 66 (ಅಂಕೋಲಾ)
ಅದು ವಿಚಿತ್ರ ವಾದ. ಹಾಗೆಂದು ಕಳ್ಳತನದ ಶಿಕ್ಷೆಯನ್ನೂ ಇಳಿಸೋಣವೇ?

ಓಣಿಯ ಕೊನೆಮನೆ (ಶಿರಸಿ)
ಎರಡು ಸಂಶಯ. ನಾವೇ ನೇರವಾಗಿ ನ್ಯಾಯಾಲಯಕ್ಕೆ ಕೊಡುವ ಖಾಸಗಿ ದೂರನ್ನು ಎಷ್ಟು ದಿನದೊಳಗೆ ಹಾಕಬೇಕು? ನಾಯಿಯನ್ನು ವಶಪಡಿಸಿಕೊಂಡರೆ ಮೊಕದ್ದಮೆ ಮುಗಿಯುವವರೆಗೆ ಅದನ್ನು ನೋಡಿಕೊಳ್ಳುವ ಖರ್ಚು ಯಾರದು?

ಕರಿಕೋಟು (ಕುಮಟಾ)
ಕಾಯ್ದೆಯ 36ನೇ ಕಲಮಿನಂತೆ ಅಪರಾಧ ನಡೆದ ದಿನದಿಂದ ಮೂರು ತಿಂಗಳು ಕಳೆದ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಹಸಿವು ದಿನದಿನವೂ ಮುಂದುವರಿಯುವ ಅಪರಾಧವೆಂದು ವಾದಿಸಬಹುದಾದರೂ ಅದನ್ನೇ ನಂಬಿ ಕೂರಬೇಡಿ. ನೀವು ಕಂಡ ತಾರೀಕುಗಳನ್ನು ಒಂದೊಂದಾಗಿ ಬರೆದು, ಅವಧಿಯೊಳಗೆ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ) ನ್ಯಾಯಾಲಯಕ್ಕೆ ಕೊಡಿ. ಖರ್ಚಿನ ವಿಷಯಕ್ಕೆ 2017ರ ನಿಯಮಗಳಿವೆ. ವಶಪಡಿಸಿಕೊಂಡ ಪ್ರಾಣಿಯನ್ನು ಗೋಶಾಲೆಗೋ ಪ್ರಾಣಿದಯಾ ಸಂಘಕ್ಕೋ ಒಪ್ಪಿಸುವಾಗ, ಸಾಗಣೆ, ಆಹಾರ, ಚಿಕಿತ್ಸೆಯ ವೆಚ್ಚಕ್ಕೆ ಆರೋಪಿ ಮತ್ತು ಮಾಲೀಕರಿಂದ ಮ್ಯಾಜಿಸ್ಟ್ರೇಟರು ಮುಚ್ಚಳಿಕೆ ಬರೆಸಿಕೊಳ್ಳಬೇಕು. ವಿಚಾರಣೆ ವರ್ಷಗಟ್ಟಲೆ ಎಳೆದರೆ ಆ ಲೆಕ್ಕ ಐವತ್ತು ರೂಪಾಯಿಯನ್ನು ಎಲ್ಲಿಯೋ ದಾಟಿ ಹೋಗುತ್ತದೆ.

ತದಡಿ ದೋಣಿ
ಪ್ರತಿ ಜಿಲ್ಲೆಯಲ್ಲಿ ಪ್ರಾಣಿದಯಾ ಸಂಘ ಇರಬೇಕೆಂದು 2001ರ ನಿಯಮ ಹೇಳುತ್ತದೆ. ಕಾಗದದ ಮೇಲೆ ಇರುವುದು ಬೇರೆ, ಶಿರಸಿಯಲ್ಲಿ ಒಂದು ನಾಯಿಯನ್ನು ಇಟ್ಟುಕೊಳ್ಳಲು ಕೋಣೆ ಇರುವುದು ಬೇರೆ. ಗೋಶಾಲೆಗಳು ನಾಯಿಯನ್ನು ಒಳಗೆ ಬಿಡುವುದಿಲ್ಲ.

ಹಳೆಯ ಸ್ಟೆತಸ್ಕೋಪು
ನ್ಯಾಯಾಲಯ ಒಪ್ಪಿದರೆ ನೆರೆಯವರ ವಶಕ್ಕೇ ಕೊಡಿ ಎಂದು ಅರ್ಜಿ ಹಾಕಿ ನೋಡಲಿ. ಅಷ್ಟರಲ್ಲಿ ಪಟ್ಟಿಯನ್ನು ನೀವೇ ಕತ್ತರಿಸಲು ಹೋಗಬೇಡಿ. ಅದು ರಕ್ತನಾಳದ ಹತ್ತಿರ ಇಳಿದಿರುತ್ತದೆ, ಅರಿವಳಿಕೆ ಕೊಟ್ಟೇ ತೆಗೆಯಬೇಕು.

ಬೆಟ್ಟದಂಚು (ಸಿದ್ದಾಪುರ)
ಹುಬ್ಬಳ್ಳಿಯ ಆ ಯಜಮಾನರಿಗೆ ಯಾರಾದರೂ ಒಮ್ಮೆ ಫೋನು ಮಾಡಿ, ನಾಯಿಯನ್ನು ಬಿಟ್ಟುಕೊಡುತ್ತೀರಾ ಎಂದು ಕೇಳಿದ್ದೀರಾ?

ಓಣಿಯ ಕೊನೆಮನೆ (ಶಿರಸಿ)
ಕೇಳಿದೆವು. ಮನೆ ಕಾಯಲು ಬೇಕು ಎಂದರು.

ತದಡಿ ದೋಣಿ
ಆ ಮಾತನ್ನು ದೂರಿನಲ್ಲಿ ಹಾಗೆಯೇ ಬರೆಯಿರಿ, ಕರೆ ಮಾಡಿದ ತಾರೀಕಿನೊಂದಿಗೆ.